ಮುರಿದ ಕೈ ಕುರುಗೋಡಿಗೆ ಹೋದದ್ದು

ಕುರುಗೋಡಿನ ಗುಡ್ಡವನ್ನು ಎಲ್ಲರಿಗಿಂತ ಮೊದಲು ಹತ್ತಿ ನಿಲ್ಲುವವನು ತಾನೇ ಎಂದು ವಿಠ್ಠಲರಾಯ ಆ ವರ್ಷ ಬಳ್ಳಾರಿಯ ಬ್ರೂಸ್‌ಪೇಟೆಗೆಲ್ಲ ಸಾರಿಬಿಟ್ಟಿದ್ದ. ವಯಸ್ಸು ಇಪ್ಪತ್ತೆರಡು, ಅಲ್ಲಿನ ಕಚೇರಿಯೊಂದರಲ್ಲಿ ಕಾಗದ ನಕಲು ಮಾಡುವ ಕೆಲಸ. ಅಲ್ಲಿಯವರೆಗೆ ಮಹಾರಾಯ ಹತ್ತಿದ್ದ ಅತಿ ಎತ್ತರದ ಜಾಗವೆಂದರೆ ಆ ಕಚೇರಿಯ ಮೆಟ್ಟಿಲು.

ಬಳ್ಳಾರಿಯ ತರುಣರ ಸಭೆಯವರು ಪ್ರತಿ ವರ್ಷ ಕ್ರಿಸ್‌ಮಸ್ ರಜೆಗೆ ಗುಡ್ಡದ ಬುಡದಲ್ಲಿ ಮೂರು ದಿನ ಬಿಡಾರ ಹೂಡುತ್ತಿದ್ದರು. ಬೆಳಿಗ್ಗೆ ಕಸರತ್ತು, ಮಧ್ಯಾಹ್ನ ಭಾಷಣ, ಸಂಜೆ ಭಜನೆ. ಹಿಂದಿನ ಎರಡು ವರ್ಷವೂ ತಾಯಿ ತಿರುಮಲಮ್ಮ ಹಾವು, ಚೇಳು, ಒಬ್ಬನೇ ಮಗ ಎಂದು ಅತ್ತು ಅವನನ್ನು ಮನೆಯಲ್ಲೇ ಕೂರಿಸಿದ್ದಳು. ಈ ಸಲವೂ ತಪ್ಪಿಸಿದರೆ ಹೆಸರು ಹೊಡೆದುಹಾಕುವುದಾಗಿ ಸಭೆಯ ಮುಖ್ಯಸ್ಥ ಗೋಪಾಲಕೃಷ್ಣ ಮಾಸ್ತರರು ಹೇಳಿದ್ದರು. ಸಭೆಯ ಹನ್ನೆರಡು ಜನರನ್ನು ಬಿಟ್ಟರೆ ವಿಠ್ಠಲನಿಗೆ ಗೆಳೆಯರೆಂಬವರೇ ಇರಲಿಲ್ಲ.

ಅದಕ್ಕೇ ಅವನು ತಾಯಿಯ ಕಣ್ಣು ತಪ್ಪಿಸಿ ರಜೆಗೆ ವಾರ ಮೊದಲೇ, ಹೆಂಡತಿ ತುಳಸಮ್ಮನನ್ನು ತವರಿಗೆ ಬಿಡುವ ನೆಪದಲ್ಲಿ ಸಿರುಗುಪ್ಪಕ್ಕೆ ಬಂದು ಕೂತ. ಗುಡ್ಡ ಹತ್ತುವುದಕ್ಕೆ ಮೈ ಹದವಾಗಲಿ ಎಂದು ಮಾವನ ಹಿತ್ತಲ ಗೋಡೆ ಹಿಡಿದು ಮಾಳಿಗೆ ಹತ್ತತೊಡಗಿದ. ತುಳಸಮ್ಮ ಏಣಿ ತಂದುಕೊಟ್ಟಳು. ಕುರುಗೋಡಿನಲ್ಲಿ ಏಣಿ ಯಾರಿಡುತ್ತಾರೆ ಎಂದು ಬೈಸಿಕೊಂಡು ಸುಮ್ಮನಾದಳು. ಮಣ್ಣಿನ ಗೋಡೆಗೆ ವೀರಾವೇಶ ಅರ್ಥವಾಗಲಿಲ್ಲ, ಕುಸಿಯಿತು. ಎಡಗೈ ಮುಂಗೈ ಹತ್ತಿರ ಲಟಕ್ಕೆಂದಿತು.

ಸಿರುಗುಪ್ಪದಲ್ಲಿ ಎಲುಬು ಕೂಡಿಸುವವನು ಪಕ್ಕೀರಪ್ಪ ಒಬ್ಬನೇ. ಉದ್ದಿನ ಹಿಟ್ಟಿಗೆ ಕೋಳಿತತ್ತಿಯ ಬಿಳಿ ಕಲಸಿ ಬಳಿದು, ಬಿದಿರ ದಬ್ಬೆ ಇಟ್ಟು ಅವನು ಕಟ್ಟುವ ಪಟ್ಟು ಇಡೀ ಸೀಮೆಗೆ ಹೆಸರಾಗಿತ್ತು. ಮಾವನದೋ ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ವೈಷ್ಣವರ ಮನೆ. ಪಕ್ಕೀರಪ್ಪ ಬಟ್ಟೆ ಮುಚ್ಚಿದ ಬಟ್ಟಲು ಹಿಡಿದು ಹಿತ್ತಲಿಗೆ ಬಂದಾಗ ವಿಠ್ಠಲ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ನೋಡದಿದ್ದರೆ ಗೊತ್ತಿಲ್ಲ, ಗೊತ್ತಿಲ್ಲದಿದ್ದರೆ ಪಾಪವಿಲ್ಲ. ಇದು ಅವನು ಅಲ್ಲೇ ಹುಟ್ಟಿಸಿದ ಹೊಸ ಶಾಸ್ತ್ರ.

ಎರಡು ದಿನಕ್ಕೆ ಕುರುಗೋಡಿಗೆ ಹೋಗುವ ಗಾಡಿ ಬಂತು. ಈ ಕೈಯಲ್ಲಿ ಹೋಗಬೇಡಿ ಎಂದು ತುಳಸಮ್ಮ ಎಷ್ಟು ಹೇಳಿದರೂ ಅವನು ಶಾಲು ಹೊದ್ದು ಹೊರಟೇಬಿಟ್ಟ. ಅವಳು ಬಾಗಿಲವರೆಗೆ ಬಂದಳು.

"ಕೈಗೆ ಹಚ್ಚಿದ್ದರ ಬಗ್ಗೆ ಒಂದು ಮಾತು ಹೇಳೋದದ."

"ಅದರ ಮಾತು ಎತ್ತಬ್ಯಾಡ. ನೀ ಹೇಳಿಲ್ಲ, ನಾ ಕೇಳಿಲ್ಲ."

"ಕೇಳಿದ್ರ ನಿಮಗೇ ಛಲೋ."

"ಕೇಳಿದ್ರ ಪಾಪ," ಎಂದು ಅವನು ಗಾಡಿ ಹತ್ತಿದ.

ಬಿಡಾರದಲ್ಲಿ ಮೊದಲ ದಿನ ಹೇಗೋ ಕಳೆಯಿತು. ಕಸರತ್ತಿನ ಹೊತ್ತಿಗೆ ಹೊಟ್ಟೆನೋವು ಬಂತು. ಊಟದ ಹೊತ್ತಿಗೆ ಸರಿಯಾಗಿ ಹೋಯಿತು. ಊಟಕ್ಕೆ ಎಡಗೈ ಹೇಗೂ ಬೇಕಿಲ್ಲವಲ್ಲ. ಆದರೆ ಎರಡನೆಯ ದಿನ ಶಾಲಿನೊಳಗಿಂದ ಒಂದು ಹುಳಿ ವಾಸನೆ ಏಳತೊಡಗಿತು. ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗ ಎಲ್ಲಿಂದಲೋ ಒಂದು ಬೆಕ್ಕು ಬಂತು. ಹನ್ನೆರಡು ಎಲೆ ಬಿಟ್ಟು ನೇರ ವಿಠ್ಠಲನ ಶಾಲಿಗೇ ಬಾಯಿ ಹಾಕಿ ಎಳೆಯಿತು.

ಪಕ್ಕದ ಎಲೆಯ ರಾಘಣ್ಣ ಸಿರುಗುಪ್ಪದವನು. ದಬ್ಬೆ ಕಂಡದ್ದೇ ಅವನ ಕೈಯ ತುತ್ತು ಕೈಯಲ್ಲೇ ನಿಂತಿತು.

"ಇದು ಪಕ್ಕೀರಪ್ಪನ ಪಟ್ಟು. ಅಂವ ತತ್ತಿ ಇಲ್ದ ಪಟ್ಟು ಕಟ್ಟೋದೇ ಇಲ್ಲ."

ಇಡೀ ಪಂಕ್ತಿ ಎಲೆ ಬಿಟ್ಟು ಎದ್ದಿತು. ನನಗೇನೂ ಗೊತ್ತಿಲ್ಲ ಎಂದು ಅವನ ಹೊಸ ಶಾಸ್ತ್ರ ಹೇಳಬೇಕಿತ್ತು. ಆದರೆ ಅಷ್ಟು ಜನ ಉಪವಾಸ ಎದ್ದು ನಿಂತದ್ದನ್ನು ನೋಡಿ ಅವನಿಗೆ ದುಃಖ ತಡೆಯಲಾಗಲಿಲ್ಲ. ಹೌದು, ತತ್ತಿಯದೇ ಎಂದು ಒಪ್ಪಿಕೊಂಡುಬಿಟ್ಟ.

ಆಮೇಲೆ ನಡೆದದ್ದು ಪ್ರಾಯಶ್ಚಿತ್ತ. ಚಳಿಗಾಲದ ಬಾವಿ ನೀರು ತಲೆಯ ಮೇಲೆ ಮೂರು ಸಲ ಇಪ್ಪತ್ತು ಕೊಡ, ಪ್ರತಿ ಸಲವೂ ಪಂಚಗವ್ಯ, ಹೊಸ ಜನಿವಾರ. ಮಾಸ್ತರರು ಗದರಲಿಲ್ಲ. ಸುಳ್ಳು ಹೇಳಿ ಜೊತೆಗೆ ಉಣ್ಣುವವನನ್ನು ಸಭೆಯಲ್ಲಿ ಇಟ್ಟುಕೊಳ್ಳಲಾಗದು ಎಂದು ಮೆಲ್ಲಗೆ ಹೇಳಿ ಪಟ್ಟಿಯಲ್ಲಿ ಹೆಸರು ಹೊಡೆದರು. ಮೂರನೆಯ ದಿನ ಎಲ್ಲರೂ ಗುಡ್ಡ ಹತ್ತಿದರು. ಮೊದಲಿಗನಾಗಬೇಕಿದ್ದವನು ಕೆಳಗೆ ಬೇವಿನ ಮರದಡಿ ಹನ್ನೆರಡು ಜೊತೆ ಚಪ್ಪಲಿ ಕಾಯುತ್ತ ಒಬ್ಬನೇ ಉಂಡ. ಮೇಲಿನಿಂದ ಅವರ ನಗು ಕೇಳಿಸುತ್ತಿತ್ತು.

ಸಿರುಗುಪ್ಪಕ್ಕೆ ಮರಳಿದ ಮೇಲೆ ಪಕ್ಕೀರಪ್ಪ ಹಿತ್ತಲಿಗೆ ಬಂದು ಕಟ್ಟು ಬಿಚ್ಚಿದ. ಒಳಗೆ ಪಟ್ಟೆಲ್ಲ ಕರಗಿ ಅಂಬಲಿಯಾಗಿತ್ತು. ಕೈ ಕುಡುಗೋಲಿನ ಹಾಗೆ ಬಾಗಿತ್ತು.

"ನೀರು ಬಿದ್ದೈತಿ ರಾಯರ. ತತ್ತಿ ಹಾಕಿದ್ರ ಎಷ್ಟು ನೀರಿಗೂ ಜಗ್ಗತಿರಲಿಲ್ಲ, ಕಲ್ಲಾಗಿ ನಿಂದರತಿತ್ತು. ಅಮ್ಮಾರು ಬ್ಯಾಡಂದ್ರು, ಹಾಲಿನಾಗ ಕಲಸಿ ಕಟ್ಟಿದ್ದೆ."

"ತತ್ತಿ ಇರಲೇ ಇಲ್ಲೇನು?"

"ನಿಮ್ಮ ಮನಿಗೆ ತತ್ತಿ ತರತೀನೇನ್ರಿ?"

ವಿಠ್ಠಲ ಬಾಗಿಲ ಕಡೆ ನೋಡಿದ. ಹೇಳಲು ಬಂದಿದ್ದೆ, ಕೇಳಿದರೆ ಪಾಪ ಅಂದಿರಿ ಎಂದಳು ತುಳಸಮ್ಮ. ಅವನಿಗೆ ನೋವಿನ ನಡುವೆಯೂ ಜೀವ ಬಂದಂತಾಯಿತು. ತತ್ತಿ ಇರಲೇ ಇಲ್ಲ ಎಂದು ಮಾಸ್ತರರಿಗೆ ಈಗಲೇ ಕಾಗದ ಬರೆಯುತ್ತೇನೆ, ಹೆಸರು ಮತ್ತೆ ಪಟ್ಟಿಗೆ ಹತ್ತುತ್ತದೆ ಎಂದು ಮಸಿ ದೌತಿ ತರಿಸಿ ಬಲಗೈಯಲ್ಲಿ ಹಿಡಿದ.

ಪಕ್ಕೀರಪ್ಪ ತಡೆದ. ಎಲುಬು ಮತ್ತೆ ಎಳೆದು ಕೂಡಿಸಬೇಕು, ಈ ಸಲವೂ ಹಾಲಿನ ಪಟ್ಟು ಕಟ್ಟಿದರೆ ಕೈ ಸಾಯುವವರೆಗೂ ಹೀಗೇ ಎಂದ. ತತ್ತಿ ಹಾಕಿದರೆ ನೆಟ್ಟಗಾಗುತ್ತದೆ. ಆದರೆ ಆಮೇಲೆ ಮಾಸ್ತರರಿಗೆ ಬರೆಯುವುದೇನು? ವಿಠ್ಠಲ ದೌತಿ ಕೆಳಗಿಟ್ಟು ಹೆಂಡತಿಯ ಮುಖ ನೋಡಿದ.

"ಪಂಚಗವ್ಯ ಎಷ್ಟು ಸಲ ಕುಡಿಸಿದ್ರು?" ಎಂದು ಕೇಳಿದಳು ಅವಳು.

"ಮೂರು ಸಲ."

ತುಳಸಮ್ಮ ಸೆರಗು ಬಿಗಿದುಕೊಂಡು ಹಿತ್ತಲಿಗೆ ಇಳಿದು ಬಂದಳು.

"ಹಾಂಗಾದ್ರ ಪಕ್ಕೀರಪ್ಪ, ಮೂರು ತತ್ತಿ ಹಾಕು. ಪ್ರಾಯಶ್ಚಿತ್ತ ಮೊದಲೇ ಮಾಡಿಸಿಕೊಂಡು ಬಂದಾರ."