ಅವ್ವನ ಬಾರಿಗಿಡ ಮತ್ತು ನನ್ನ ಘನ ಸಂಶೋಧನೆ

ಐವತ್ತು ದಾಟಿದ ಮೇಲೆ ಪಿಎಚ್.ಡಿ. ಮಾಡಲು ಹೊರಡುವವನಿಗೆ ಬುದ್ಧಿ ಇರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತಿರಲಿಲ್ಲ. ಶಹಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಬಾರಿಹಣ್ಣಿನ, ಅಂದರೆ ಬೋರೆಹಣ್ಣಿನ, ತಳಿಗಳನ್ನು ಅವುಗಳ ಪ್ರೋಟೀನು ಮತ್ತು ಮೆಟಬಾಲೈಟುಗಳ ಮೂಲಕ ಹೋಲಿಸುವುದು ನನ್ನ ಘನ ಸಂಶೋಧನೆಯ ವಿಷಯ. ಮೆಟಬಾಲೈಟು ಎಂದರೆ ಗಾಬರಿಯಾಗಬೇಡಿ. ಹಣ್ಣು ತನ್ನೊಳಗೆ ತಯಾರಿಸಿಕೊಳ್ಳುವ ಸಕ್ಕರೆ, ಹುಳಿ, ಒಗರು ಇತ್ಯಾದಿ ಸಾಮಾನು. ನಾಲಿಗೆ ಒಂದು ಕ್ಷಣದಲ್ಲಿ ಹೇಳುವುದನ್ನು ಯಂತ್ರ ತಿಂಗಳುಗಟ್ಟಲೆ ಯೋಚಿಸಿ ಹೇಳುತ್ತದೆ!

ಈ ಹುಚ್ಚಿಗೆ ಒಂದು ಒಳಕಾರಣವಿತ್ತು. ಕೆಂಭಾವಿ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಒಂದು ಜವಾರಿ ಬಾರಿಗಿಡ. ಅದರ ಹಣ್ಣು ಕಚ್ಚಿದರೆ ಮೊದಲು ಹುಳಿ ಕಣ್ಣು ಮುಚ್ಚಿಸುತ್ತದೆ, ಆಮೇಲೆ ಸಿಹಿ. ಕಳೆ ತೆಗೆಯಲು ಹೋದ ಅವ್ವ ಉಡಿ ತುಂಬ ಅದನ್ನೇ ತರುತ್ತಿದ್ದಳು. ಅವ್ವ ಹೋಗಿ ಎಷ್ಟೋ ವರ್ಷಗಳಾದವು. ಅವಳದೊಂದು ಫೋಟೋ ಕೂಡ ಇಲ್ಲ. ನನ್ನ ಪಾಲಿಗೆ ಉಳಿದದ್ದು ಆ ಹುಳಿಯೊಂದೇ.

ಕಾಲುವೆ ನೀರು ಬಂದ ಮೇಲೆ ಅಣ್ಣ ಭತ್ತ ಹಚ್ಚತೊಡಗಿದ್ದ. ಗಿಡ ಅವನಿಗೆ ಬೇಡವಾಗಿತ್ತು.

“ಗಿಡದಾಗ ಹಕ್ಕಿ ಕುಂತು ನೆಲ್ಲೆಲ್ಲಾ ತಿಂತಾವ ತಮ್ಮಾ. ಈ ಸಲ ತೆಗಿಸಿಬಿಡ್ತೀನಿ.”

“ಬ್ಯಾಡಣ್ಣಾ! ಇಂಥಾ ಹಣ್ಣು ಬ್ಯಾರೆ ಕಡಿ ಇಲ್ಲಂತ ನಾ ತೋರಸ್ತೀನಿ.”

“ಆತು. ನಿನ್ನ ಮಷೀನ್ ಹೇಳೂತನಕ ನಾ ಗಿಡ ಮುಟ್ಟಂಗಿಲ್ಲ.”

ಅಣ್ಣ ಮಾತಿಗೆ ತಪ್ಪುವವನಲ್ಲ. ನಾನು ಹುರುಪಿನಿಂದ ಅವ್ವನ ಗಿಡದ ಹಣ್ಣು, ವಡಗೇರಾ ಕಡೆಯ ಹಣ್ಣು, ಪೇಟೆಯಲ್ಲಿ ಮಾರುವ ದಪ್ಪನೆಯ ಸೇಬು ಬಾರಿ, ಮೂರನ್ನೂ ಮೂರು ಚೀಲಗಳಲ್ಲಿ ತಂದು ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಹಿಮಗಟ್ಟಿಸಿದೆ. ವಿಶ್ವವಿದ್ಯಾಲಯದ ಯಂತ್ರದಲ್ಲಿ ನನ್ನ ಪಾಳಿ ಹಬ್ಬದ ನಂತರವಿತ್ತು. ಹೆಂಡತಿ ಶಾರದಾಗೆ ಏನೂ ಹೇಳಲಿಲ್ಲ. ಅಡುಗೆಮನೆಯಲ್ಲಿ ವಿಜ್ಞಾನದ ಮಾತೇಕೆ ಎಂದುಕೊಂಡೆ.

ಸಂಕ್ರಾಂತಿ ಬಂತು. ಮೊಮ್ಮಗಳಿಗೆ ಮೊದಲ ಸಂಕ್ರಾಂತಿ, ಕರಿ ಎರೆಯಬೇಕು. ಮಗುವನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲೆ ಚುರುಮುರಿ, ಕಬ್ಬಿನ ತುಂಡು, ಬಾರಿಹಣ್ಣು ಸುರಿಯುವುದು. ಓಣಿಯ ಮಕ್ಕಳೆಲ್ಲ ಮುಗಿಬಿದ್ದು ಆರಿಸಿಕೊಳ್ಳುವುದು. ಶಾರದಾ ತುಂಬಿದ ಸೇರು ನನ್ನ ಕೈಗೆ ಕೊಟ್ಟಳು.

“ಮುತ್ಯಾನ ಕೈಲೇ ಮೊದಲ ಬೀಳ್ಲಿ.”

ಮುತ್ಯಾ, ಅಂದರೆ ಅಜ್ಜನಾದ ನಾನು, ಗಂಭೀರವಾಗಿ ಸುರಿದೆ. ಮಗು ಕಿಟಾರನೆ ಚೀರಿತು! ಬಿದ್ದದ್ದು ಹಿಮದಂಥ ಹಣ್ಣು.

“ಶಾರದಾ, ಇವು ಎಲ್ಲೀವು?”

“ನೀವೇ ಫ್ರಿಜ್ಜಿನಾಗ ತಂದಿಟ್ಟಿದ್ರಲ್ರಿ! ಮೊಮ್ಮಗಳ ಕರಿ ಮ್ಯಾಲ ಎಷ್ಟ್ ಕಾಳಜಿ ಅಂತ ನನಗ ಭಾಳ ಖುಷಿ ಆತು.”

“ಮೂರೂ ಚೀಲ?”

“ಕೂಡಿಸೀನಿ. ಬ್ಯಾರೆ ಬ್ಯಾರೆ ಇಟ್ಟು ಏನ್ ಮಾಡೂದದ?”

ನಾನು ಮಂಡಿಯೂರಿ ಮಕ್ಕಳ ನಡುವೆ ನುಗ್ಗಿದೆ. “ಉಗುಳ್ರಿ! ಪ್ರೋಟೀನು! ಉಗುಳ್ರಿ!” ಎಂದು ಕೂಗುತ್ತ ಕೈಯಿಂದ, ಬಾಯಿಂದ ಹಣ್ಣು ಕಸಿದೆ. ಪಕ್ಕದ ಮನೆಯಾಕೆ ತನ್ನ ಮಗಳನ್ನು ಎಳೆದುಕೊಂಡು, “ಸರ್ ಅವರಿಗ ಏನಾಗ್ಯದರಿ ಅಕ್ಕಾರ?” ಎಂದು ಶಾರದಾಳನ್ನು ಮೆಲ್ಲಗೆ ಕೇಳಿದಳು.

ಸೇಬು ಬಾರಿಯೇನೋ ಗಾತ್ರದಿಂದ ತಿಳಿಯಿತು. ಉಳಿದವುಗಳಲ್ಲಿ ಅವ್ವನದು ಯಾವುದು? ಒಂದನ್ನು ಕಚ್ಚಿದೆ. ಕಣ್ಣು ಮುಚ್ಚಿತು. ಇದೇ! ಆಮೇಲೆ ಹೊಳೆಯಿತು, ಈಗ ಅದರಲ್ಲಿ ನನ್ನ ಎಂಜಲಿನ ಪ್ರೋಟೀನೂ ಸೇರಿದೆ. ವಿಜ್ಞಾನದ ಕಣ್ಣಿಗೆ ಇನ್ನು ನಾನೂ ಒಂದು ಬಾರಿ ತಳಿ!

ದುಃಖ ಉಕ್ಕಿ ಅಣ್ಣನಿಗೆ ಫೋನು ಮಾಡಿದೆ. “ಅಣ್ಣಾ, ಹಣ್ಣೆಲ್ಲ ಹಾಳಾದ್ವು. ಇನ್ನ ಏನೂ ಫಾಯ್ದೆ ಇಲ್ಲ. ಎಲ್ಲಾ ಮುಗೀತು.”

“ಖರೇನಾ?”

“ಖರೇನೇ ಅಣ್ಣಾ.”

“ಆತು ಬಿಡು. ಮನಸಿಗಿ ಹಚ್ಕೋಬ್ಯಾಡ.”

ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡೆ. ಗಿಡದಲ್ಲಿ ಇನ್ನೂ ಹಣ್ಣಿವೆ, ಮತ್ತೆ ತಂದರಾಯಿತು ಎಂಬುದು ಮರುದಿನ ಎದ್ದ ಮೇಲೆ ಹೊಳೆಯಿತು. ಖಾಲಿ ಚೀಲ ಹಿಡಿದು ಕೆಂಭಾವಿ ಬಸ್ಸು ಹತ್ತಿದೆ. ಹೊಲಕ್ಕೆ ಹೋದರೆ ಗಿಡ ಬೇರು ಸಮೇತ ಮಲಗಿತ್ತು.

“ನೀನೇ ಅಂದೆಲ್ಲೋ, ಹಣ್ಣು ಹಾಳು, ಫಾಯ್ದೆ ಇಲ್ಲಂತ! ಬಾಜೂ ಹೊಲಕ್ಕ ಜೆಸಿಬಿ ಬಂದಿತ್ತು,” ಎಂದ ಅಣ್ಣ.

ನನಗೆ ಅಳು ಬಂತು. ಅತ್ತ ತಿರುಗಿ ನಿಂತೆ. ಅಣ್ಣ ಹತ್ತಿರ ಬಂದ. “ಅಳಬ್ಯಾಡೋ ತಮ್ಮಾ. ಹಣ್ಣರೆ ಅದಾವಲ್ಲ. ಈಗ ಕೋಲೂ ಬೇಕಾಗಿಲ್ಲ, ಕುಂತೇ ಆರಿಸ್ಕೊ.”

ಕುಳಿತು ಆರಿಸಿದೆ. ಚೀಲ ತುಂಬಿತು.

ಉಳಿದೆರಡು ಬಗೆಯ ಹಣ್ಣನ್ನೂ ಮತ್ತೆ ತಂದು ಕೊಟ್ಟ ಮೇಲೆ ಯಂತ್ರ ಕೊನೆಗೂ ಬಾಯಿ ಬಿಟ್ಟಿತು. ಅವ್ವನ ಗಿಡದ ಹಣ್ಣು ಉಳಿದೆರಡಕ್ಕಿಂತ ಸ್ಪಷ್ಟವಾಗಿ ಬೇರೆ. ನಾನು ಗೆದ್ದಿದ್ದೆ! ಅಣ್ಣನಿಗೆ ಫೋನು ಮಾಡಿ ಹೇಳಿದೆ. “ಟೊಂಗಿ ಎಲ್ಲಾ ಬೇಲಿಗಿ ಹಾಕೀನೋ. ಒಣಗಿ ಹೋಗ್ಯಾವ,” ಎಂದ ಅವನು.

ಆ ವಾರವೇ ತರಗತಿಯಲ್ಲಿ ಕಣ್ಣು ಕಸಿಯ ಪಾಠ ಬಂತು. ಒಂದು ಗಿಡದ ಮೊಗ್ಗನ್ನು ಇನ್ನೊಂದರ ತೊಗಟೆಯೊಳಗೆ ಕೂರಿಸಿ ಬೀಜ ಬಿತ್ತಿದರೆ ಹಾಗೇ ಬರದ ಅದೇ ತಳಿಯನ್ನು ಬೆಳೆಸುವ ವಿದ್ಯೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಸರ್, ಕಡಿದು ಕೆಡವಿದ ಗಿಡದ ಟೊಂಗಿ ನಡೀತದೇನ್ರಿ?”

“ಹಸಿ ಇದ್ರ ನಡೀತದ. ಗೇಣುದ್ದ ಇದ್ರ ಸಾಕು, ಗಿಡ ಉಳೀತದ.”

ಹೇಳಿದ ಮೇಲೆ ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಅಂದು ಹೊಲದಲ್ಲಿ ನಾನು ಕುಳಿತದ್ದು ಹಸಿ ಟೊಂಗೆಗಳ ರಾಶಿಯ ನಡುವೆ. ಮುಳ್ಳು ಚುಚ್ಚುತ್ತವೆಂದು ಅವನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ ಹಣ್ಣು ಆರಿಸಿದ್ದೆ.

ಈ ಪಾಠವನ್ನು ಕೆಲಸಕ್ಕೆ ಸೇರಿದಾಗಿನಿಂದ ಮಾಡುತ್ತಿದ್ದೇನೆ. ಒಂದು ವರ್ಷವೂ ತಪ್ಪು ಹೇಳಿಕೊಟ್ಟವನಲ್ಲ!