ಹೆಸರು ಉಳಿಸಿದ ಮಗರಾಯ

"ಇವತ್ತಿನಿಂದ ಈ ಮನೆತನದ ಮರ್ಯಾದೆ ನನ್ನ ಹೆಗಲ ಮೇಲೆ!" ಎಂದು ಮಗರಾಯ ಎದೆಯುಬ್ಬಿಸಿ ಸಾರಿದ.

"ಮೊದ್ಲು ಹೆಗಲ ಮೇಲಿರೋ ಟವೆಲ್ ಕೊಡಿ, ಒಗೆಯೋಕೆ ಹಾಕ್ಬೇಕು" ಎಂದಳು ಹೆಂಡತಿ.

ಅವನು ಉಬ್ಬಿದ್ದಕ್ಕೆ ಕಾರಣವಿತ್ತು. ಅವನ ಅಪ್ಪ ನಲವತ್ತು ವರ್ಷ ಮರದಲ್ಲಿ ತಂಬಾಕಿನ ಪೈಪು ಕೆತ್ತಿದವರು. ಈಗ ಕೈ ನಡುಗುತ್ತದೆ, ಕಣ್ಣು ಮಂಜು. ಹಾಗಿದ್ದೂ ಕೊನೆಯದೊಂದು ಪೈಪು ಮಾಡಿ, ಅದರ ಅಡಿಭಾಗದಲ್ಲಿ ಮೂರು ದಿನ ಒದ್ದಾಡಿ ತಮ್ಮ ಹೆಸರು ಕೊರೆದಿದ್ದರು. ಇನ್ನು ಉಳಿದದ್ದು ಮರಳು ಹೊಡೆಯುವ ಕೆಲಸ. ಪೈಪನ್ನು ಪೆಟ್ಟಿಗೆಯೊಳಗಿಟ್ಟು ಗಾಳಿಯ ಜೋರಿನಲ್ಲಿ ಮರಳು ಚಿಮ್ಮಿಸಿದರೆ ಮರದ ಮೆದು ಭಾಗ ಸವೆದು ಗೆರೆಗಳು ಎದ್ದು ಕಾಣುತ್ತವೆ. ಸವೆಯಬಾರದ ಕಡೆ ಮೊದಲೇ ಟೇಪು ಅಂಟಿಸಬೇಕು. ಅಪ್ಪ ಮಂಚದ ಮೇಲಿಂದಲೇ ಪೈಪನ್ನೂ ಟೇಪಿನ ಸುರುಳಿಯನ್ನೂ ಕೊಟ್ಟು ಎರಡೇ ಮಾತು ಹೇಳಿದ್ದರು:

"ಹೆಸರು ಉಳಿಸಪ್ಪಾ."

ಮಗರಾಯನ ಕಣ್ಣು ತುಂಬಿ ಬಂತು. ಹೆತ್ತಪ್ಪ ತನ್ನನ್ನು ಇಷ್ಟು ನಂಬಿದ್ದು ಇದೇ ಮೊದಲು!

ಟೇಪು ಸುತ್ತಿದ್ದೇ ಸುತ್ತಿದ್ದು. ಹಲ್ಲಲ್ಲಿ ಕಚ್ಚುವ ಕೊಳವೆಗೆ ಒಂಬತ್ತು ಸುತ್ತು, ತಂಬಾಕು ತುಂಬುವ ಬಾಯಿಗೆ ಬಿರಡೆ, ಬಿರಡೆ ಹಾರಬಾರದೆಂದು ಅದಕ್ಕೂ ಟೇಪು! ಸುರುಳಿ ಮುಗಿಯುವ ಹೊತ್ತಿಗೆ ಅವನ ಎರಡು ಬೆರಳು ಕೂಡ ಒಂದಕ್ಕೊಂದು ಅಂಟಿಕೊಂಡಿದ್ದವು.

"ಮರದ ಕಡೆ ಒಂಚೂರು ನೋಡ್ರೀ."

"ಮರ ಬಿಡೇ, ನಾನು ಉಳಿಸ್ತಿರೋದು ಮನೆತನ!"

ಮರಳು ಭೋರ್ಗರೆಯಿತು. ಹೊರಗೆ ಬಂದ ಪೈಪಿನ ಮೇಲೆ ಗೆರೆಗಳೋ ಗೆರೆಗಳು. ಮಗರಾಯ ಯುದ್ಧ ಗೆದ್ದವನಂತೆ ಅದನ್ನು ಅಪ್ಪನ ಕೈಯಲ್ಲಿಟ್ಟ. ಅಪ್ಪ ಅಡಿಭಾಗವನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೊಮ್ಮೆ ಸವರಿದರು.

"ಹೆಸರೆಲ್ಲೋ?"

"ನಿಮ್ಮ ಹೆಸರು ಅಜರಾಮರ ಅಪ್ಪಾ!"

"ಅಜರಾಮರ ಆಮೇಲಾಗ್ಲಿ. ಕೊರೆದಿದ್ದೆಲ್ಲಿ?"

ಹೆಂಡತಿ ಪೈಪನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡಳು. "ರೀ, ಮಾವ ಟೇಪು ಕೊಟ್ಟು ಹೆಸರು ಉಳಿಸು ಅಂದಿದ್ದು, ಹೆಸರಿನ ಮೇಲೆ ಟೇಪು ಅಂಟಿಸು ಅಂತ ಕಣ್ರೀ!"

ನಡುಗುವ ಕೈಯ ಅಕ್ಷರಗಳು ಆಳಕ್ಕೆ ಇಳಿದಿರಲಿಲ್ಲ. ಮರಳು ಒಂದನ್ನೂ ಬಿಟ್ಟಿರಲಿಲ್ಲ. ಅಪ್ಪ ಬೈದಿದ್ದರೆ ಮಗರಾಯ ಹೇಗೋ ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ. ಹೆಬ್ಬೆರಳು ಮಾತ್ರ ಹೆಸರಿದ್ದ ಜಾಗದಲ್ಲೇ ಹುಡುಕಾಡುತ್ತಿತ್ತು. ನೋಡಲಾಗದೆ ಮಗರಾಯ ಮುಖ ತಿರುಗಿಸಿದ.

"ಇನ್ನೊಂದ್ಸಲ ಕೊರೀರಿ ಅಪ್ಪಾ, ನಾನು ಕೈ ಹಿಡ್ಕೋತೀನಿ."

"ಈ ಕೈಲಿ ಇನ್ನಾಗಲ್ಲ ಬಿಡು" ಎಂದರು ಅಪ್ಪ. ಪೈಪನ್ನು ಮಗನ ಕೈಗೇ ಕೊಟ್ಟು, "ನಿನ್ನ ಹೆಸರು ಕೊರಿ" ಎಂದರು.

ಮಗರಾಯನಿಗೆ ಅಳು ಉಕ್ಕಿ ಬಂತು. ಎಂಥಾ ದೊಡ್ಡ ಮನಸ್ಸು! "ನನ್ನ ಹೆಸರಾ? ಅಷ್ಟು ಯೋಗ್ಯತೆ ನನಗೆಲ್ಲಿದೆ ಅಪ್ಪಾ?"

"ಇದೆಯಪ್ಪಾ. ಇದನ್ನ ಹಾಳು ಮಾಡಿದ್ದು ಯಾರು ಅಂತ ನೋಡಿದವರಿಗೆ ಗೊತ್ತಾಗ್ಬೇಕಲ್ಲ!"