ಹಲ್ಲಿಗಿಂತ ಮುಂಚೆ ವಸಡು

ಕೆಲವರ ಹಿಂದೆ ಬೀದಿನಾಯಿಗಳು ಬೀಳುತ್ತವೆ, ಕೆಲವರ ಹಿಂದೆ ವಿಮೆ ಏಜೆಂಟರು. ನನ್ನ ಬೆನ್ನು ಬಿಡದೆ ಬಿದ್ದಿರುವುದು ನನ್ನದೇ ವಸಡು. ಬೇರೆಯವರು ನಕ್ಕರೆ ಹಲ್ಲು ಕಾಣುತ್ತವೆ. ನಾನು ನಕ್ಕರೆ ಮೇಲಿನ ವಸಡು ಬೆರಳಗಲ ಮುಂದೆ ಬಂದು ನಿಂತು, ಆಮೇಲೆ ಹಲ್ಲುಗಳ ಪರಿಚಯ ಮಾಡಿಕೊಡುತ್ತದೆ. ಔರಾದ, ಭಾಲ್ಕಿ ಸಾಲಿಗಳಲ್ಲಿ ವಿಜ್ಞಾನ ಕಲಿಸಿ, ನಿವೃತ್ತನಾಗಿ ಬೀದರಿಗೆ ಬಂದು ಕೂತ ಮೇಲೆ ನನಗೆ ಉಳಿದದ್ದು ಒಂದೇ ಆಸೆ: ಒಬ್ಬಳೇ ಮಗಳ ಮದುವೆಯಲ್ಲಿ, ನೋಡಿದವರು ಮೆಚ್ಚುವಂಥ ನನ್ನದೊಂದು ನಗುವ ಫೋಟೊ. ಅದು ಯಾಕೆ ಇಷ್ಟು ದೊಡ್ಡ ಆಸೆ ಅನ್ನುವುದಕ್ಕೆ ಹಿಂದಿನ ಕಥೆ ಹೇಳಬೇಕು.

ಎರಡು ಮೀಸೆ

ನನಗೆ ಹೆಣ್ಣು ನೋಡುತ್ತಿದ್ದ ಕಾಲ. ಆಗ ಮೊದಲು ಫೋಟೊ ಹೋಗಬೇಕು, ಆಮೇಲೆ ಹುಡುಗ. ಭಾಲ್ಕಿಯ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಕೂತೆ.

“ನಗ್ರಿ ಮಾಸ್ತರ” ಅಂದ ಫೋಟೊದವ. ನಕ್ಕೆ. ಅವನ ನಗು ಹೋಯಿತು.

“ಫಿಕರ್ ಮಾಡಬ್ಯಾಡ್ರಿ. ಬ್ರಶ್ ಹಚ್ಚಿ ಬರೋಬ್ಬರ್ ಮಾಡ್ತೇನಿ.”

ಕಪ್ಪು-ಬಿಳುಪು ಫೋಟೊ. ವಸಡಿನ ಮೇಲೆ ಅವ ಒಂದೇ ಸಮ ಕಪ್ಪು ಶಾಯಿ ಎಳೆದಿದ್ದ. ಅದನ್ನೇ ನಮ್ಮಪ್ಪ ಭಾತಂಬ್ರಾದ ಹುಡುಗಿ ಮನೆಗೆ ಕಳಿಸಿಬಿಟ್ಟ. ವಾರದ ಮೇಲೆ ನಡುವಿನ ಮನುಷ್ಯ ಬಂದು ಕೂತ.

“ಎಲ್ಲಾ ಪಸಂದ್ ಅದರಿ. ಹುಡುಗಿ ಅವ್ವ ಒಂದೇ ಮಾತು ಕೇಳ್ಯಾಳ. ತುಟಿ ಮ್ಯಾಲ ಒಂದು ಮೀಸಿ ಅದ, ಸರಿ. ತುಟಿ ತಳಗ ಇನ್ನೊಂದು ಯಾಕ ಬಿಟ್ಟಾರ?”

ಭಜ್ಜಿ ಪರೀಕ್ಷೆ

ಆದರೂ ಬರಹೇಳಿದರು. ಏನೇ ಆದರೂ ಬಾಯಿ ತೆರೆಯುವುದಿಲ್ಲ ಎಂದು ಆಣೆ ಮಾಡಿಕೊಂಡೇ ಹೋದೆ. ಕೇಳಿದ್ದಕ್ಕೆಲ್ಲ ಹೂಂ, ಊಹೂಂ. ಮೊದಲು ಬಂದ ಸಿಹಿ ಶಿರಾ ಹೇಗೋ ದಾಟಿತು. ಆಮೇಲೆ ಕಡಾಯಿಯಿಂದ ಆಗಷ್ಟೇ ಇಳಿದ ಮೆಣಸಿನಕಾಯಿ ಭಜ್ಜಿ ಬಂತು. ಇಡಿಯಾಗಿ ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಿದೆ. ಒಳಗೆ ಬೆಂಕಿ. ಕಣ್ಣಲ್ಲಿ ನೀರು. ಎಷ್ಟು ಹೊತ್ತು ತಡೆಯಲಿ? “ಹಾ ಹಾ ಹಾ” ಎಂದು ಬಾಯಿ ತೆರೆದೆ. ಮೂವತ್ತು ವರ್ಷ ಮುಚ್ಚಿಟ್ಟದ್ದೆಲ್ಲ ಬೀಗರ ಮನೆ ನಡುಮನೆಯಲ್ಲಿ ಬಯಲಾಯಿತು. ಬಾಗಿಲ ಹಿಂದೆ ಹುಡುಗಿ ಕಿಸಕ್ಕೆಂದಳು.

ಹುಡುಗಿಯ ಅಜ್ಜಿ ಎದ್ದು ಬಂದು, ಸಂತೆಯಲ್ಲಿ ಎತ್ತಿನ ಬಾಯಿ ನೋಡುವಂತೆ ಇಣುಕಿ ತೀರ್ಪು ಕೊಟ್ಟಳು: “ವಸಡ ಗಟ್ಟಿ ಅವ. ಹಲ್ಲು ಉದುರಿದ್ರೂ ರೊಟ್ಟಿ ತಿಂತಾನ. ಕೊಡ್ರಿ.”

ಸಿಟ್ಟು

ನನ್ನ ವಸಡಿಗೆ ನಗು, ಸಿಟ್ಟು ಎರಡೂ ಒಂದೇ. ಮೇಲ್ದುಟಿ ಎದ್ದರೆ ಮುಗಿಯಿತು. ಔರಾದಿನಲ್ಲಿ ಒಮ್ಮೆ ಇಡೀ ತರಗತಿ ಹೋಂವರ್ಕ್ ಬರೆದಿರಲಿಲ್ಲ. ಟೇಬಲ್ ಗುದ್ದಿ ಬೈದೆ. ಸರ್ ಇವತ್ತು ಖುಷಿಯಲ್ಲಿದ್ದಾರೆಂದು ಮಕ್ಕಳು ನಕ್ಕರು. ನಾನು ಇನ್ನೂ ಜೋರು ಮಾಡಿದೆ, ಅವರು ಇನ್ನೂ ಜೋರು ನಕ್ಕರು. ಕಿಟಕಿಯಲ್ಲಿ ಹೆಡ್‌ಮಾಸ್ತರು ಕಾಣಿಸಿಕೊಂಡರು.

“ಮಾಸ್ತರ, ಚುಟಕುಲಾ ಹೇಳಿ ನಗಸೋದು ಸಾಕ್ರಿ. ಸ್ವಲ್ಪ ಪಾಠಾನೂ ಮಾಡ್ರಿ.”

ಪರಗಂಡಸು

ಮಗಳ ಮದುವೆ ಗೊತ್ತಾಯಿತು, ಕಮಲನಗರದ ಹುಡುಗ. ಬೀದರಿನ ಹಲ್ಲಿನ ಡಾಕ್ಟರಮ್ಮನ ಹತ್ತಿರ ಓಡಿದೆ, ಹೆಂಡತಿಯೂ ಜೊತೆಗೆ.

“ವಸಡು ಸ್ವಲ್ಪ ಕಂಡ್ರ ಕೆಟ್ಟದ್ದಲ್ಲರಿ ಸರ್. ಎಷ್ಟೋ ಮಂದಿಗೆ ಅದೇ ಛಂದ ಕಾಣ್ತದ” ಅಂದರು ಡಾಕ್ಟರಮ್ಮ.

“ನಂದು ಸ್ವಲ್ಪ ಏನ್ರಿ?” ಎಂದು ನಕ್ಕು ತೋರಿಸಿದೆ.

ಅವರು ಫ್ಯಾನ್ ನೋಡತೊಡಗಿದರು. ಆಮೇಲೆ, ವಸಡು ಕತ್ತರಿಸಿದರೆ ನಾನು ಹೇಗೆ ಕಾಣುತ್ತೇನೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸಿದರು. ನನ್ನ ಹೆಂಡತಿ ಚಷ್ಮಾ ಏರಿಸಿ ನೋಡಿದಳು.

“ಯಾರರಿ ಇವರು? ಭಾಳ ಛಂದ ಅದಾರ.”

“ನಾನೇ!”

“ಹಂಗಾದ್ರ ಬ್ಯಾಡ ಡಾಕ್ಟರ್ರೀ. ಈ ವಯಸ್ಸಿನಾಗ ಪರಗಂಡಸಿನ ಕೂಡ ನನಗ ಸಂಸಾರ ಮಾಡ್ಲಿಕ್ಕ ಆಗಲ್ಲ.”

ಆ ಒಂದು ಫೋಟೊ

ಹಾಗಾಗಿ ವಸಡು ಇದ್ದಲ್ಲೇ ಇತ್ತು, ಮದುವೆ ಆಯಿತು. ಅಕ್ಷತೆಯಿಂದ ಊಟದವರೆಗೆ ಎಲ್ಲ ಫೋಟೊದಲ್ಲೂ ತುಟಿ ಬಿಗಿಹಿಡಿದೆ. ಆಲ್ಬಮ್ ಬಂದಾಗ ನೋಡಿದರೆ, ಹೆಣ್ಣಿನ ಅಪ್ಪನಲ್ಲ, ದವಡೆ ನೋವಿನ ರೋಗಿ ನಿಂತಿದ್ದ. ಕಡೆಯ ಹಾಳೆಯಲ್ಲಿ ಮಗಳನ್ನು ಕಳಿಸಿಕೊಡುವ ಫೋಟೊ. ಕಾರಿನೊಳಗೆ ಮಗಳು ಅಳುತ್ತಿದ್ದಾಳೆ, ಹೊರಗೆ ನನ್ನ ಪಕ್ಕದಲ್ಲಿ ಹೆಂಡತಿ ಸೆರಗು ಕಚ್ಚಿದ್ದಾಳೆ. ಕಾರಿನ ಬಾಗಿಲು ಹಿಡಿದು ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೇನೆ. ವಸಡು ಪೂರಾ ಹೊರಗೆ.

ಆಲ್ಬಮ್ ನೋಡಲು ಬಂದಿದ್ದ ಬೀಗರು ಅದರ ಮೇಲೆ ಬೆರಳಿಟ್ಟರು. “ಏನ್ರಿ ಬೀಗರ! ಮಂಟಪದಾಗ ಮಾರಿ ಗಂಟು ಹಾಕ್ಕೊಂಡು ನಿಂತೀರಿ. ಮಗಳು ಕಾರ್ ಹತ್ತಿದಳಂದ್ರ ಇಷ್ಟು ಖುಷಿ?”

“ಇಲ್ರಿ ಬೀಗರ, ದೇವರಾಣಿ, ನಾ ಅಳಲಿಕತ್ತಿದ್ದೆ” ಎಂದು ಕಳಕಳಿಯಿಂದ ಹೇಳಿದೆ.

ಅವರು ನನ್ನ ತೊಡೆ ತಟ್ಟಿದರು. “ನೋಡ್ರಿ, ಈಗೂ ನಗ್ಲಿಕತ್ತೀರಿ!”

ಆ ಫೋಟೊ ಈಗ ದೊಡ್ಡದಾಗಿ ಕಮಲನಗರದ ಅವರ ನಡುಮನೆಯಲ್ಲಿ ತೂಗುತ್ತಿದೆ. ಮೊನ್ನೆ ಮಗಳ ಫೋನು: “ಪಪ್ಪಾ, ಮನಿಗೆ ಬಂದವರೆಲ್ಲ ಅದನ್ನೇ ನೋಡ್ತಾರ. ನಿಮ್ಮಪ್ಪನ ನಗಿ ಎಷ್ಟು ಛಂದ ಅದ ಅಂತಾರ!”